ಶುಕ್ರವಾರ ಎರಡೂವರೆಗೆ ಕಾಣಬೇಕಾದ ಮದ್ದು

ಮೊದಲೇ ಹೇಳಿಬಿಡುತ್ತೇನೆ, ನನಗೆ ಚುಟುಕಾಗಿ ಮಾತಾಡಲು ಬರುವುದಿಲ್ಲ. ಕುಮಟಾದ ಔಷಧಗಳ ಹೋಲ್‌ಸೇಲ್ ಅಂಗಡಿಯೊಂದರಲ್ಲಿ ಮೂವತ್ತೆರಡು ವರ್ಷ ದುಡಿದು ನಿವೃತ್ತಳಾದೆ. ಬೀಳ್ಕೊಡುಗೆಯ ದಿನ ಶಾಲು ಹೊದಿಸಿ "ಎರಡು ಮಾತಾಡಿ" ಅಂದರು, ನಾನು ಮುಕ್ಕಾಲು ಗಂಟೆ ಮಾತಾಡಿದೆ. ಕೊನೆಗೆ ಯಜಮಾನರಾದ ಪೈ ಮಾಮನೇ ಎದ್ದು ನಿಂತು, "ಸುಮಿತ್ರಾ, ಇಡ್ಲಿ ಆರಿ ಹೋತು. ಬಾಕಿದ್ದು ಬರೆದು ಕೊಡು" ಅಂದರು. ಎಲ್ಲರೂ ನಕ್ಕರು. ನಾನೂ ನಕ್ಕೆ, ಆದರೆ ಮಾತನ್ನು ಬಿಡಲಿಲ್ಲ. ಬರೆಯುತ್ತಿದ್ದೇನೆ. ಇದು ನನ್ನ ಕುರ್ಚಿಗೆ ಬಂದಿರುವ ಪ್ರಜ್ಞಾಳಿಗೆ, ಅವಳ ನಂತರ ಬರುವವರಿಗೆ.

ಕೆಲಸ ಇಷ್ಟೇ: ಕುಮಟಾ, ಹೊನ್ನಾವರ, ಭಟ್ಕಳದ ಮೆಡಿಕಲ್ ಅಂಗಡಿಗಳಲ್ಲಿ ಯಾವ ಮದ್ದು ಎಲ್ಲಿದೆ ಎಂದು ಹೇಳುವುದು. ಮೊದಲು ಅದು ಫೋನಿನ ಕೆಲಸವಾಗಿತ್ತು. ಡಾಕ್ಟರ ಚೀಟಿ ಹಿಡಿದು ಯಾರಾದರೂ ಬಂದು ನಿಂತರೆ ನಾನು ಅಂಗಡಿ ಅಂಗಡಿಗೆ ಫೋನ್ ಮಾಡಿ, "ಇದ್ಯಾ? ಎಷ್ಟಿದೆ? ಎತ್ತಿಡಿ, ಜನ ಬರ್ತಾ ಇದ್ದಾರೆ" ಎಂದು ಕೂಗುತ್ತಿದ್ದೆ. ನನ್ನ ಗಂಟಲು ಇಷ್ಟು ದೊಡ್ಡದಾದದ್ದು ಅದರಿಂದಲೇ.

ಆಮೇಲೆ ಅಂಗಡಿಯವರೆಲ್ಲ ಸೇರಿ ಕಂಪ್ಯೂಟರಿನಲ್ಲಿ ಹುಡುಕುವ ವ್ಯವಸ್ಥೆ ಮಾಡಿಸಿದರು. ಮದ್ದು ಬಂದಾಗ, ಮಾರಿದಾಗ ಅಂಗಡಿಯವರು ತಮ್ಮಲ್ಲಿ ನಮೂದಿಸುತ್ತಾರೆ. ಅದು ಕುಮಟಾದಲ್ಲಿರುವ ನಮ್ಮ ಸರ್ವರಿಗೆ ಬರುತ್ತದೆ. ಜನ ತಮ್ಮ ಮೊಬೈಲಿನಲ್ಲಿ ಹೆಸರು ಒತ್ತಿದರೆ ಯಾವ ಅಂಗಡಿಯಲ್ಲಿ ಎಷ್ಟಿದೆ ಎಂದು ಕಾಣುತ್ತದೆ. ಜೋಡಿಸಿಕೊಟ್ಟವರು ಮೂರು ದಿನ ಇದ್ದು, ದಪ್ಪನೆಯ ಇಂಗ್ಲಿಷ್ ಪುಸ್ತಕವೊಂದನ್ನು ಮೇಜಿನ ಮೇಲಿಟ್ಟು ಹೋದರು. ಅಂಗಡಿಯಲ್ಲಿ ಬಿ.ಎಸ್ಸಿ. ಮಾಡಿದವಳು ನಾನೊಬ್ಬಳೇ.

"ಗಣಿತ ಅಲ್ವಾ ನಿಂದು? ಇದೂ ಲೆಕ್ಕವೇ. ನೀನೇ ನೋಡು" ಅಂದರು ಪೈ ಮಾಮ.

ನನಗಾಗ ನಲವತ್ತೆಂಟು ದಾಟಿತ್ತು. ಆ ಪುಸ್ತಕ ತೆರೆದ ದಿನ ನನಗಾದ ಸಂಭ್ರಮವನ್ನು ಹೇಗೆ ಹೇಳಲಿ! ಊಟ ಬೇಡ, ಮಾತು ಬೇಡ. ನಮ್ಮೂರು ಹಳದೀಪುರದಿಂದ ಬಸ್ಸಿನಲ್ಲಿ ಬರುವಾಗಲೂ ಓದುತ್ತಿದ್ದೆ. ಎರಡು ಸಲ ಕುಮಟಾದಲ್ಲಿ ಇಳಿಯಲು ಮರೆತು ಮುಂದೆ ಹೋಗಿಬಿಟ್ಟೆ.

ಆ ಪುಸ್ತಕದಲ್ಲಿ ಮೊದಲು ನನ್ನ ಕಣ್ಣಿಗೆ ಬಿದ್ದ ಮಾತು ಕಮಿಟ್. ಬಂದ ನಮೂದನ್ನು ಡಿಸ್ಕಿನಲ್ಲಿ ಗಟ್ಟಿಯಾಗಿ ಬರೆದು, ಹುಡುಕುವವರಿಗೆ ಕಾಣುವಂತೆ ಮಾಡುವುದಕ್ಕೆ ಕಮಿಟ್ ಎನ್ನುತ್ತಾರೆ. ನನ್ನ ಅವಸರದ ಬುದ್ಧಿಗೆ ತೋಚಿದ್ದೇನು? ಪ್ರತಿ ನಮೂದಿಗೂ ಕಮಿಟ್! ಭಟ್ಕಳದಲ್ಲಿ ಯಾರೋ ಜ್ವರದ ಮಾತ್ರೆ ಒಂದು ಪಟ್ಟಿ ಮಾರಿದರೂ ಕಮಿಟ್. ಎರಡು ದಿನ ಅಂಗಡಿಯಲ್ಲಿ ಕುಣಿದಾಡಿದೆ. ಮೂರನೇ ದಿನ ಸರ್ವರ್ ಏದುಸಿರು ಬಿಡತೊಡಗಿತು. ಪ್ರತಿ ಕಮಿಟಿಗೂ ಒಂದೊಂದು ಸಣ್ಣ ತುಣುಕು ಹುಟ್ಟುತ್ತದೆ, ಹುಡುಕುವಾಗ ಯಂತ್ರ ಆ ತುಣುಕುಗಳನ್ನೆಲ್ಲ ಒಂದೊಂದಾಗಿ ನೋಡಬೇಕು. ಹೆಸರು ಒತ್ತಿದರೆ ಚಕ್ರ ತಿರುಗುತ್ತಲೇ ಇತ್ತು. ಅತಿಯಾದರೆ ಅಮೃತವೂ ವಿಷ ಎಂಬುದನ್ನು ಮದ್ದಿನ ಅಂಗಡಿಯವಳೇ ಮರೆತಿದ್ದೆ.

ಪೈ ಮಾಮ ಮೊಬೈಲನ್ನು ಮೂಗಿನ ಹತ್ತಿರ ಹಿಡಿದು ಕಾದು ಕಾದು, "ನಿನ್ನ ಫೋನೇ ಅಡ್ಡಿಲ್ಲವಾಗಿತ್ತು ಮಾರಾಯ್ತಿ" ಅಂದರು.

ಸರಿ, ಹದಿನೈದು ನಿಮಿಷಕ್ಕೊಮ್ಮೆ ಕಮಿಟ್ ಮಾಡಿದೆ. ಯಂತ್ರ ಹಗುರಾಯಿತು, ಜನ ಭಾರವಾದರು. ಅದು ಊರಿಗೆಲ್ಲ ಕೆಂಗಣ್ಣು ಬಂದ ಕಾಲ. ಹೊನ್ನಾವರದ ಒಂದು ಅಂಗಡಿಯಲ್ಲಿ ಕಣ್ಣಿನ ಹನಿ ಮುಗಿದ ಮೇಲೂ ನಮ್ಮ ಪಟ್ಟಿಯಲ್ಲಿ "ಒಂದು ಇದೆ" ಎಂದೇ ಕಾಣುತ್ತಿತ್ತು. ಐದು ಜನ ಕೆಂಪು ಕಣ್ಣು ಬಿಟ್ಟುಕೊಂಡು ಒಬ್ಬರ ಹಿಂದೆ ಒಬ್ಬರು ಹೋದರಂತೆ. ಕೊನೆಗೆ ಬಂದ ಅಜ್ಜಿ ಅಂಗಡಿಯವರ ಮೇಲೆ ಕೊಡೆಯನ್ನೇ ಎತ್ತಿದಳಂತೆ. ಅಂಗಡಿಯವರು ಫೋನಿನಲ್ಲಿ ನನ್ನ ಜನ್ಮ ಜಾಲಾಡಿದರು. ಆ ಅಜ್ಜಿಯನ್ನು ನೆನೆದರೆ ಈಗಲೂ ನಗು ಬರುತ್ತದೆ.

ನಗು ಬಾರದ ತಪ್ಪು ಮೂರನೆಯದು. ಅದಕ್ಕಾಗಿಯೇ ಇಷ್ಟೆಲ್ಲ ಬರೆಯುತ್ತಿರುವುದು.

ಕಮಿಟನ್ನು ನಿಮಿಷಕ್ಕೊಂದು ಮಾಡಿ, ತುಣುಕುಗಳ ಕಾಟ ತಪ್ಪಿಸಲು ಮರ್ಜ್ ಹಿಡಿದೆ. ಸಣ್ಣ ತುಣುಕುಗಳನ್ನು ಕೂಡಿಸಿ ದೊಡ್ಡದಾಗಿ ಬರೆದು, ಹಳತಾದ ನಮೂದುಗಳನ್ನು ಗುಡಿಸಿ ಹಾಕುವುದೇ ಮರ್ಜ್. ದಿನಕ್ಕೊಮ್ಮೆ ಎಲ್ಲವನ್ನೂ ಒಂದೇ ಒಂದು ತುಣುಕಾಗಿ ಮಾಡು ಎಂದು ಯಂತ್ರಕ್ಕೆ ಅಪ್ಪಣೆ ಕೊಟ್ಟೆ. ಅದು ಡಿಸ್ಕಿಗೆ ಮೈಮುರಿಯುವ ಕೆಲಸ, ಒಂದು ಗಂಟೆ ಹಿಡಿಯುತ್ತದೆ. ರಾತ್ರಿ ಇಟ್ಟರೆ, ಕರೆಂಟು ಹೋಗಿ ನಡುವೆ ನಿಂತರೆ ನೋಡುವವರಿಲ್ಲ. ಹಾಗಾಗಿ ಮಧ್ಯಾಹ್ನ ಎರಡು ಗಂಟೆಗೆ ಇಟ್ಟೆ. ಕುಮಟಾದವರಿಗೆ ಕಾರಣ ಹೇಳಬೇಕಿಲ್ಲ. ಒಂದೂವರೆಗೆ ಬಾಗಿಲೆಳೆದರೆ ನಾಲ್ಕರ ತನಕ ಪೇಟೆಗೆ ಪೇಟೆಯೇ ಉಂಡು ಮಲಗಿರುತ್ತದೆ. ಆ ಹೊತ್ತಿಗೆ ಯಾರು ನಮೂದಿಸುತ್ತಾರೆ, ಯಾರು ಹುಡುಕುತ್ತಾರೆ? ನಾನೂ ಉಂಡು, ಮೇಜಿನ ಮೇಲೆ ತಲೆಯಿಟ್ಟು ಒಂದು ಗಳಿಗೆ ನಿದ್ದೆ ತೆಗೆಯುತ್ತಿದ್ದೆ. ನಾಲ್ಕು ಗಂಟೆಗೆ ಊರು ಎದ್ದಾಗ ಹುಡುಕಾಟ ಗಾಳಿಯ ಹಾಗೆ ಓಡುತ್ತಿತ್ತು.

"ಅಡ್ಡಿಲ್ಲ ಸುಮಿತ್ರಾ, ಈಗ ಅಡ್ಡಿಲ್ಲ" ಅಂದರು ಪೈ ಮಾಮ. ಅವರ ಬಾಯಲ್ಲಿ ಅದು ದೊಡ್ಡ ಬಿರುದು. ನನ್ನ ಕಾಲು ನೆಲದ ಮೇಲಿರಲಿಲ್ಲ.

ಒಂದೇ ಒಂದು ಕಿರಿಕಿರಿ ಇತ್ತು. ಶುಕ್ರವಾರ ಮಾತ್ರ ಮರ್ಜ್ ಎರಡು ತಾಸು ಎಳೆಯುತ್ತಿತ್ತು. ನನ್ನ ಟಿಪ್ಪಣಿ ಪುಸ್ತಕದಲ್ಲಿ "ಶುಕ್ರವಾರದ ಜ್ವರ" ಎಂದು ಬರೆದಿಟ್ಟಿದ್ದೆ. ಹೆಸರಿಟ್ಟದ್ದೇ ದೊಡ್ಡ ಸಾಧನೆ ಅಂದುಕೊಂಡು ಸುಮ್ಮನಾದೆ. ನಾಲ್ಕು ತಿಂಗಳು ಹಾಗೆಯೇ ಬರೆದೆ, ಯಾಕೆ ಶುಕ್ರವಾರವೇ ಎಂದು ಒಬ್ಬರನ್ನೂ ಕೇಳಲಿಲ್ಲ. ಪ್ರಜ್ಞಾ, ನಿನ್ನ ಪುಸ್ತಕದಲ್ಲಿ ಹೀಗೊಂದು ಮುದ್ದು ಹೆಸರು ಕಂಡರೆ ಆವತ್ತೇ ಎದ್ದು ಹೋಗಿ ವಿಚಾರಿಸು.

ನೆಟ್ಟಿಯ ಕಾಲ. ಭಟ್ಕಳದ ಹತ್ತಿರ ಶಿರಾಲಿಯ ಗದ್ದೆಯೊಂದರಲ್ಲಿ ಹೆಂಗಸರು ಸಾಲಾಗಿ ನಿಂತು ಸಸಿ ನೆಡುತ್ತಿದ್ದರು. ಪದ ಹೇಳಿಕೊಡುತ್ತಿದ್ದವಳು ಮಾದೇವಿ, ಉಳಿದವರು ಸೊಲ್ಲು ಎತ್ತುತ್ತಿದ್ದರು. ಪದ ನಡುವೆ ನಿಂತಿತು. ಮಾದೇವಿಯ ಕಾಲಿಗೆ ಕೊಳಕುಮಂಡಲ ಹಾವು ಕಚ್ಚಿತ್ತು.

ಅದು ಶುಕ್ರವಾರ. ಭಟ್ಕಳದ ಆಸ್ಪತ್ರೆಗೆ ಒಯ್ದರು. ಆ ವಾರ ಹಾವು ಕಚ್ಚಿದವರು ಬಹಳ ಇದ್ದರು, ಅಲ್ಲಿ ಉಳಿದಿದ್ದ ಚುಚ್ಚುಮದ್ದನ್ನೆಲ್ಲ ಹಾಕಿದ ಡಾಕ್ಟರು ಇನ್ನೂ ಹತ್ತು ಬಾಟ್ಲಿ ಬೇಕು ಅಂದರು. ಎರಡು ಗಂಟೆಗೆ ಮಾದೇವಿಯ ಗಂಡ ತಿಮ್ಮಪ್ಪ ಹೊರಗೆ ಓಡಿ ಬಂದ. ಎದುರಿನ ಅಂಗಡಿ ಮುನೀರ್ ಸಾಹೇಬರದು, ಬಾಗಿಲು ಹಾಕಿತ್ತು. ಬೇರೆ ಅಂಗಡಿ ನೋಡುತ್ತ ಪೇಟೆಯ ಆ ತುದಿಯ ತನಕ ಓಡಿ, ಎರಡೂವರೆಗೆ ತಿಮ್ಮಪ್ಪ ಮೊಬೈಲಿನಲ್ಲಿ ಹುಡುಕಿದ. ನಮ್ಮ ಪಟ್ಟಿ ಹೇಳಿತು: ಹೊನ್ನಾವರದಲ್ಲಿ ಹತ್ತು, ಭಟ್ಕಳದಲ್ಲಿ ಇಲ್ಲ. ಮಳೆಯಲ್ಲಿ ಬೈಕ್ ಓಡಿಸಿಕೊಂಡು, ಶರಾವತಿ ಸೇತುವೆ ದಾಟಿ ಹೊನ್ನಾವರಕ್ಕೆ ಹೋಗಿ, ಐಸ್ ಹಾಕಿದ ಡಬ್ಬಿಯಲ್ಲಿ ಮದ್ದು ತಂದ. ಹೋಗಿ ಬರಲು ಎರಡು ತಾಸಿಗೂ ಮೇಲಾಯಿತು. ಮಾದೇವಿ ಬದುಕಿದಳು. ಬಲಗಾಲಿನ ಎರಡು ಬೆರಳು ಹೋದವು.

ಅದೇ ಮದ್ದು ಹತ್ತು ಬಾಟ್ಲಿ, ಬೆಳಿಗ್ಗೆಯಷ್ಟೇ ಬಂದದ್ದು, ಮುನೀರ್ ಸಾಹೇಬರ ಅಂಗಡಿಯ ಫ್ರಿಜ್ಜಿನಲ್ಲೇ ಇತ್ತು. ಆಸ್ಪತ್ರೆಯಿಂದ ರಸ್ತೆ ದಾಟಿದರೆ ಆಯಿತು. ಅವರು ಎರಡೂಕಾಲಿಗೇ ಬಾಗಿಲು ತೆರೆದು ನಮೂದಿಸಿದ್ದರು. ಮೊಬೈಲೇ ಹೊನ್ನಾವರ ಅಂದ ಮೇಲೆ ಎದುರಿನ ಅಂಗಡಿಯನ್ನು ಮತ್ತೆ ತಿರುಗಿ ನೋಡುವವರು ಯಾರು?

ಹದಿನೈದು ದಿನದ ಮೇಲೆ ತಿಮ್ಮಪ್ಪ ಕುಮಟಾಕ್ಕೆ ಬಂದ. ಜಗಳಕ್ಕೆ ಬಂದವನಲ್ಲ. ಕೊಡೆ ಮಡಚಿ ಬಾಗಿಲ ಹೊರಗಿಟ್ಟು ಒಳಗೆ ಬಂದು ಕೇಳಿದ.

"ಅಕ್ಕಾ, ಮದ್ದು ಭಟ್ಕಳದಲ್ಲೇ ಇತ್ತಂತೆ. ಎರಡೂಕಾಲಿಗೇ ಹಾಕಿದ್ರಂತೆ. ನಾ ಎರಡೂವರೆಗೆ ನೋಡಿದ್ರೆ ಕಾಣ್ಲಿಲ್ಲ. ಎಂತಕ್ಕೆ?"

ನಾನು ಟಿಪ್ಪಣಿ ಪುಸ್ತಕ ಎಳೆದುಕೊಂಡು ಆ ಶುಕ್ರವಾರದ ಪುಟ ಹುಡುಕತೊಡಗಿದೆ. ಪೈ ಮಾಮ ನನ್ನ ಪಕ್ಕಕ್ಕೆ ಬಾಗಿ ಮೆಲ್ಲಗೆ ಕೊಂಕಣಿಯಲ್ಲಿ, "ನೆಟ್‌ವರ್ಕ್ ನಾಶಿಲೆಂ ಮ್ಹೊಣು ಸಾಂಗ" ಅಂದರು. ನೆಟ್‌ವರ್ಕ್ ಇರಲಿಲ್ಲ ಎಂದು ಹೇಳಿಬಿಡು ಎಂದು.

ಶಿರಾಲಿಯವನಿಗೆ ಕೊಂಕಣಿ ಬಾರದೆ ಇರುತ್ತದೆಯೆ? ತಿಮ್ಮಪ್ಪ ಅವರ ಕಡೆ ತಿರುಗಿ, "ನೆಟ್‌ವರ್ಕ್ ಇತ್ತು ಮಾಮ. ಹೊನ್ನಾವರದ್ದು ಕಾಣ್ತಿತ್ತಲ್ಲ" ಅಂದ.

ಪೈ ಮಾಮ ಕೆಟ್ಟವರಲ್ಲ. ನನ್ನನ್ನು ಉಳಿಸಲು ನೋಡಿದರು. ಆದರೆ ನನಗೆ ಆ ಕ್ಷಣ ಮೈಯೆಲ್ಲ ಉರಿದುಹೋಯಿತು, ಅವರ ಮೇಲಲ್ಲ, ನನ್ನ ಮೇಲೆ.

"ತಪ್ಪು ನಂದು ತಿಮ್ಮಪ್ಪ" ಅಂದೆ. "ಯಾಕೆ ಹಾಗಾಯ್ತು ಅಂತ ನಂಗೆ ಇನ್ನೂ ಪೂರ್ತಿ ಗೊತ್ತಿಲ್ಲ. ಗೊತ್ತು ಮಾಡ್ಕಂಡು ನಿಮ್ಮನೆಗೆ ಬಂದು ಹೇಳ್ತೇನೆ."

ಅವನು "ಆತು" ಅಂದು ಹೋದ.

ಮಾರನೇ ದಿನವೇ ಭಟ್ಕಳದ ಬಸ್ಸು ಹತ್ತಿದೆ. ಮುನೀರ್ ಸಾಹೇಬರು ಚಾ ತರಿಸಿದರು. ನಾನು ಚಾ ಮುಟ್ಟದೆ, ಆವತ್ತು ಬಾಗಿಲು ಯಾಕೆ ಹಾಕಿತ್ತು ಎಂದು ಕೇಳಿದೆ. ಅವರಿಗೆ ಆಶ್ಚರ್ಯ.

"ಅರೇ ಅಕ್ಕ, ಶುಕ್ರವಾರ ಅಲ್ವಾ? ಜುಮ್ಮಾ ನಮಾಜ್. ಬೆಳಿಗ್ಗೆ ಗಿರಾಕಿ ರಶ್ ಇರ್ತದೆ, ಕಂಪ್ಯೂಟರ್ ಮುಟ್ಟುಕೆ ಪುರುಸೊತ್ತಿಲ್ಲ, ಎಲ್ಲ ಚೀಟಿಯಲ್ಲಿ ಬರೆದಿಡ್ತೇವೆ. ನಮಾಜ್ ಮುಗ್ಸಿ ಎರಡೂಕಾಲು, ಎರಡೂವರೆಗೆ ತೆಗೆದು ಒಟ್ಟಿಗೆ ಹಾಕ್ತೇವೆ. ಈ ಪೇಟೆಯಲ್ಲಿ ಎಲ್ಲರದ್ದೂ ಹೀಗೇ."

"ನಂಗೆ ಯಾಕೆ ಹೇಳ್ಲಿಲ್ಲ?"

"ನೀವು ಕೇಳ್ಲೇ ಇಲ್ಲ."

ಎಷ್ಟು ಮೆತ್ತಗೆ ಹೇಳಿದರೆಂದರೆ, ಬೈದಿದ್ದರೆ ಚೆನ್ನಾಗಿತ್ತು ಅನ್ನಿಸಿತು. ಕುಮಟಾದ ಮಧ್ಯಾಹ್ನದ ನಿದ್ದೆಯನ್ನು ನಾನು ಮೂರು ತಾಲೂಕಿಗೂ ಹಂಚಿಬಿಟ್ಟಿದ್ದೆ! ಎರಡು ಗಂಟೆಗೆ ನನ್ನ ಮರ್ಜ್ ಡಿಸ್ಕನ್ನು ಪೂರ್ತಿ ಹಿಡಿದುಕೊಂಡಿರುತ್ತಿತ್ತು. ಸರಿಯಾಗಿ ಆ ಹೊತ್ತಿಗೆ ಭಟ್ಕಳದ ಪೇಟೆ ನಮಾಜ್ ಮುಗಿಸಿ ಬಂದು ಅರ್ಧ ದಿನದ ನಮೂದನ್ನು ಒಂದೇ ಸಲ ಸುರಿಯುತ್ತಿತ್ತು. ಮರ್ಜ್ ಹಿಂದೆ ಬಿದ್ದರೆ ಯಂತ್ರ ಹೊಸ ನಮೂದುಗಳಿಗೆ "ತಡಿ" ಅನ್ನುತ್ತದೆ, ಅವು ಸಾಲಿನಲ್ಲಿ ಕಾಯುತ್ತವೆ. ಮುನೀರ್ ಸಾಹೇಬರ ಹತ್ತು ಬಾಟ್ಲಿ ಆ ಸಾಲಿನಲ್ಲಿ ಐವತ್ತು ನಿಮಿಷ ನಿಂತಿತ್ತು. ಆ ಹೊತ್ತು ನಾನು ಮೇಜಿನ ಮೇಲೆ ತಲೆಯಿಟ್ಟು ಮಲಗಿದ್ದೆ. ಬೇಗ ಸಿಕ್ಕಿದ್ದರೆ ಬೆರಳು ಉಳಿಯುತ್ತಿತ್ತೇ ಎಂದು ಆಮೇಲೆ ಡಾಕ್ಟರನ್ನು ಕೇಳಿದೆ. ಹೇಳಲಾಗದು ಅಂದರು. ಉಳಿಯುತ್ತಿರಲಿಲ್ಲ ಎಂದಿದ್ದರೆ ಹೊಟ್ಟೆ ತಣ್ಣಗಾಗುತ್ತಿತ್ತು, ಅವರು ಹಾಗೆ ಅನ್ನಲಿಲ್ಲ.

ಅದೇ ದಿನ ಶಿರಾಲಿಯಲ್ಲಿ ಇಳಿದು ಮಾದೇವಿಯ ಮನೆಗೆ ಹೋದೆ. ಜಗಲಿಯ ಮೇಲೆ ಕಾಲು ನೀಡಿ ಕೂತಿದ್ದಳು. ನಾನು ಕಮಿಟ್, ಮರ್ಜ್, ಸಾಲು ಎಂದು ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿದೆ. ಹೇಳುತ್ತ ಹೇಳುತ್ತ ಅತ್ತುಬಿಟ್ಟೆ. ಅವಳು ಪೂರ್ತಿ ಕೇಳಿಸಿಕೊಂಡು, ಅಂಗಳದ ಕುತ್ರಿಯ, ಹುಲ್ಲಿನ ಬಣವೆಯ ಕಡೆ ಕೈ ತೋರಿಸಿದಳು.

"ಅಕ್ಕಾ, ಕೊಯ್ಲಲ್ಲಿ ನಾವು ಎಂತ ಮಾಡ್ತೇವೆ? ಹಿಡಿ ಹಿಡಿ ಸೇರ್ಸಿ ಸೂಡಿ ಕಟ್ಟುದು. ಹತ್ತು ಸೂಡಿ ಆದ್ರೆ ಹೊರೆ. ಹೊರೆ ಎಲ್ಲ ಅಂಗಳಕ್ಕೆ ಬಂದ ಮೇಲೆ ಕುತ್ರಿ. ನಾಲ್ಕು ಸೂಡಿ ಬಂತು ಅಂತ ದಿನಾ ಕುತ್ರಿ ಬಿಚ್ಚಿ ಮತ್ತೆ ಒಟ್ಟುವವರು ಯಾರಾದ್ರೂ ಇದ್ದಾರಾ? ಮಳ್ಳೇ ಇರ್ಬೇಕು!"

ನಾನು ಎದ್ದು ನಿಂತೆ. ಆ ಮಳ್ಳಿ, ಆ ಹುಚ್ಚಿ ನಾನೇ! ಹೆಚ್ಚುಕಮ್ಮಿ ಇದೇ ಮಾತು ಆ ದಪ್ಪ ಪುಸ್ತಕದಲ್ಲಿ ಹನ್ನೆರಡು ಪುಟ ಇತ್ತು, ನನ್ನ ತಲೆಗೆ ಹತ್ತಿರಲಿಲ್ಲ. ಒಂದೇ ಅಳತೆಯವನ್ನು ಒಂದೇ ಅಳತೆಯವುಗಳ ಜೊತೆ ಕೂಡಿಸುತ್ತ ಹೋಗಬೇಕು. ದೊಡ್ಡದನ್ನು ಸುಮ್ಮಸುಮ್ಮನೆ ಮುಟ್ಟಬಾರದು.

ಮುಂದಿನ ಆರು ವಾರ ನನ್ನ ಬಾಳಿನ ಅತ್ಯಂತ ಖುಷಿಯ ದಿನಗಳು. ಹೀಗೆ ಹೇಳಲು ನಾಚಿಕೆಯಾಗುತ್ತದೆ, ಒಬ್ಬಳ ಕಾಲಿನ ನೋವಿನಿಂದ ಹುಟ್ಟಿದ ಖುಷಿ. ಆದರೂ ನಿಜ. ಎರಡು ಗಂಟೆಯ ಆ ಅಪ್ಪಣೆಯನ್ನು ಮೊದಲು ಕಿತ್ತು ಹಾಕಿದೆ. ಸೂಡಿ, ಹೊರೆ, ಕುತ್ರಿಯ ಲೆಕ್ಕದಲ್ಲಿ ಮರ್ಜನ್ನು ಇಡೀ ದಿನಕ್ಕೆ ಸ್ವಲ್ಪ ಸ್ವಲ್ಪವಾಗಿ ಹರಡಿದೆ, ಡಿಸ್ಕನ್ನು ಇಷ್ಟಕ್ಕಿಂತ ಹೆಚ್ಚು ಹಿಡಿಯಬೇಡ ಎಂದು ಅದಕ್ಕೆ ಮೂಗುದಾರ ಹಾಕಿದೆ.

ಆಮೇಲೆ ಬಂತು ನೋಡಿ ಆ ಬೆಳಕು! ಕಾಣಿಸುವುದು ಬೇರೆ, ಗಟ್ಟಿ ಮಾಡುವುದು ಬೇರೆ! ಎರಡನ್ನೂ ಒಟ್ಟಿಗೆ ಮಾಡಬೇಕೆಂದು ನನಗೆ ಯಾರು ಹೇಳಿದ್ದರು? ಬಂದ ನಮೂದನ್ನು ಮೊದಲು ಒಂದು ದಿನಚರಿಯಲ್ಲಿ ಸರಸರನೆ ಗೀಚಿಟ್ಟುಕೊಂಡರೆ ಕರೆಂಟು ಹೋದರೂ ಕಳೆಯುವುದಿಲ್ಲ. ಸೆಕೆಂಡಿಗೊಮ್ಮೆ ಡಿಸ್ಕ್ ಮುಟ್ಟದ ಹಗುರವಾದ ಕಮಿಟ್, ಬರೀ ಕಾಣಿಸಲಿಕ್ಕೆ. ನಿಮಿಷಕ್ಕೊಮ್ಮೆ ಭಾರದ ಕಮಿಟ್, ಡಿಸ್ಕಿನಲ್ಲಿ ಗಟ್ಟಿ ಮಾಡಲಿಕ್ಕೆ. ಮೊದಲ ಸಲ ಅದು ನಡೆದಾಗ ನಾನು ಕೂಗಿದ ಕೂಗಿಗೆ ಪಕ್ಕದ ಬಟ್ಟೆ ಅಂಗಡಿಯವರು ಓಡಿಬಂದರು. ಪೈ ಮಾಮ ಅವರಿಗೆ, "ಎಂತ ಇಲ್ಲ, ಒಂದು ಸೆಕೆಂಡ್ ಸಿಕ್ತಂತೆ ಇವಳಿಗೆ" ಅಂದರು.

ಆದರೆ ನನ್ನ ಮೇಲೆ ನನಗೇ ನಂಬಿಕೆ ಉಳಿದಿರಲಿಲ್ಲ. ಮಾದೇವಿಗೆ ಫೋನ್ ಮಾಡಿದೆ. ಪ್ರತಿ ಶುಕ್ರವಾರ ಎರಡೂವರೆಗೆ, ಭಟ್ಕಳದ ಪೇಟೆ ಎಲ್ಲವನ್ನೂ ಸುರಿಯುವಾಗ, ಮುನೀರ್ ಸಾಹೇಬರು ಒಂದು ಸುಳ್ಳು ಮದ್ದನ್ನು ನಮೂದಿಸುತ್ತಾರೆ, ನೀನು ಶಿರಾಲಿಯಲ್ಲಿ ಕೂತು ಹುಡುಕಿ ನನಗೆ ಹೇಳಬೇಕು ಎಂದು ಕೇಳಿಕೊಂಡೆ.

"ಮದ್ದಿನ ಹೆಸರೆಂತ?"

"ಮಾದೇವಿ ಮದ್ದು."

ಫೋನಿನಲ್ಲಿ ಅವಳು ನಕ್ಕದ್ದು ನಿಲ್ಲಲೇ ಇಲ್ಲ. ಮೊದಲ ಶುಕ್ರವಾರ ನಾನು ಬುತ್ತಿ ತೆರೆಯದೆ ಕಾದೆ. ಎರಡೂವರೆ ದಾಟಿ ಅರ್ಧ ನಿಮಿಷ ಆಗಿರಬೇಕು, ಫೋನ್ ಬಂತು: "ಕಂಡ್ತು ಅಕ್ಕಾ!" ಆಮೇಲೆ ಅದೇ ವ್ರತವಾಯಿತು. ಶುಕ್ರವಾರ "ಕಂಡ್ತು" ಬರುವ ತನಕ ನನಗೆ ಊಟವಿಲ್ಲ. ಮಾದೇವಿಗೆ ಅದು ಹೇಗೋ ಗೊತ್ತಾಗಿ, ಒಂದು ವಾರವೂ ತಪ್ಪಿಸಲಿಲ್ಲ. ಕೊಯ್ಲಿನ ದಿನ ಗದ್ದೆಯ ಅಂಚಿನಲ್ಲಿ ನಿಂತೂ ಹೇಳಿದ್ದಾಳೆ. ಇಷ್ಟರ ನಡುವೆ ಒಬ್ಬ ಮಹಾಶಯ ಮುನೀರ್ ಸಾಹೇಬರ ಅಂಗಡಿಗೆ ಬಂದು, "ಶುಕ್ರವಾರ ಮಾತ್ರ ಸಿಗುವ ಮಾದೇವಿ ಮದ್ದು ಕೊಡಿ, ಸೊಂಟ ನೋವು" ಅಂದನಂತೆ. ಸಾಹೇಬರು ನೋವಿನ ಎಣ್ಣೆ ಕೊಟ್ಟು ಕಳಿಸಿದರು.

ನಿಜವಾದ ಪರೀಕ್ಷೆ ಮೂರನೇ ವರ್ಷ ಬಂತು. ಮತ್ತೆ ಮಳೆಗಾಲ, ಮತ್ತೆ ಶುಕ್ರವಾರ. ನಮ್ಮೂರು ಹಳದೀಪುರದಲ್ಲಿ ತೋಟಕ್ಕೆ ಹೋದವನೊಬ್ಬನಿಗೆ ಹಾವು ಕಚ್ಚಿ, ಹೊನ್ನಾವರದಲ್ಲಿ ಮಲಗಿಸಿದ್ದರು. ಇನ್ನೂ ಎಂಟು ಬಾಟ್ಲಿ ಬೇಕು, ಹೊನ್ನಾವರ, ಕುಮಟಾ ಎರಡೂ ಕಡೆ ಖಾಲಿ. ಅವನ ಅಣ್ಣ ನನಗೇ ಫೋನ್ ಮಾಡಿದ. ಎರಡು ಗಂಟೆ ಇಪ್ಪತ್ತೆಂಟು ನಿಮಿಷ. ನಾನು ಪರದೆಯ ಎದುರು ನಿಂತಿದ್ದೆ, ಕೂರಲು ಆಗಲಿಲ್ಲ. ಭಟ್ಕಳದ ನಮೂದುಗಳು ಧೋ ಎಂದು ಬೀಳುತ್ತಿದ್ದವು. ತಟ್ಟನೆ ಬಂತು: ಮುನೀರ್ ಸಾಹೇಬರ ಅಂಗಡಿ, ಹತ್ತು ಬಾಟ್ಲಿ! ಆಗಷ್ಟೇ ಪಾರ್ಸಲ್ ಒಡೆದಿದ್ದರು. ನಾನು ಫೋನ್ ಎತ್ತುವ ಮೊದಲೇ ಅದು ಕೂಗಿತು.

"ಅಕ್ಕಾ, ನನ್ನ ಮದ್ದು ಹುಡುಕುಕೆ ಹೋದ್ರೆ ಹಾವಿನ ಮದ್ದೂ ಕಂಡ್ತು. ಯಾರಿಗಾದ್ರೂ ಬೇಕಾ?"

"ಹೊನ್ನಾವರಕ್ಕೆ ಬೇಕು ಮಾದೇವಿ, ಈಗ್ಲೇ ಬೇಕು!"

"ಇವರು ಭಟ್ಕಳ ಪೇಟೆಯಲ್ಲೇ ಇದ್ದಾರೆ. ಹೇಳ್ತೆ, ಇಡಿ ಫೋನು."

ತಿಮ್ಮಪ್ಪ ಐಸ್ ಡಬ್ಬಿ ಕಟ್ಟಿಕೊಂಡು ಅದೇ ಹೆದ್ದಾರಿಯಲ್ಲಿ, ಅದೇ ಸೇತುವೆ ದಾಟಿ ಹೋದ. ಈ ಸಲ ಹೊನ್ನಾವರಕ್ಕೆ ಹೋಗಲೇಬೇಕಾಗಿತ್ತು. ಮದ್ದು ಹೊತ್ತಿಗೆ ಮುಟ್ಟಿತು. ಆ ಮನುಷ್ಯ ಈಗಲೂ ಬಸ್ ಸ್ಟಾಪಿನಲ್ಲಿ ಸಿಕ್ಕರೆ ಎಳನೀರು ಕುಡಿಸದೆ ಬಿಡುವುದಿಲ್ಲ. ಎಳನೀರು ಸಲ್ಲಬೇಕಾದವರು ಶಿರಾಲಿಯಲ್ಲಿದ್ದಾರೆ ಎಂದರೆ ಅವನು ಕೇಳಬೇಕಲ್ಲ!

ಪ್ರಜ್ಞಾ, ನೀನು ನನಗಿಂತ ಜಾಣೆ, ಸರ್ವರ್ ಬದಲಿಸುತ್ತೀ, ಇದನ್ನೆಲ್ಲ ಇನ್ನೂ ಚೆನ್ನಾಗಿ ಮಾಡುತ್ತೀ. ನನ್ನ ಒಂದು ಸೆಕೆಂಡನ್ನು ಅರ್ಧ ಮಾಡು, ನನಗೆ ಹೊಟ್ಟೆಕಿಚ್ಚಿಲ್ಲ. ಆದರೆ ಹೊಸ ಅಂಕಿ ಹಾಕುವ ಮೊದಲು ಬಸ್ಸು ಹತ್ತಿ ಮೂರೂ ಊರಿಗೆ ಹೋಗು. ಅಲ್ಲಿನವರು ಯಾವಾಗ ಉಣ್ಣುತ್ತಾರೆ, ಯಾವಾಗ ಬಾಗಿಲು ಹಾಕುತ್ತಾರೆ, ಯಾವಾಗ ತೆರೆಯುತ್ತಾರೆ ಎಂದು ನಾಚಿಕೆ ಬಿಟ್ಟು ಕೇಳು. ಕೊಟ್ಟ ಚಾ ಕುಡಿ.

ನಿವೃತ್ತಿಯಾದ ಮೇಲಿನ ಮೊದಲ ಶುಕ್ರವಾರ ಹಳದೀಪುರದ ಮನೆಯಲ್ಲಿ ಒಂದು ಗಂಟೆಗೇ ಅನ್ನ, ಮೀನುಸಾರು ಬಡಿಸಿಕೊಂಡು ಕೂತೆ. ಇನ್ನು ಯಾವ ವ್ರತ, ಯಾವ ಎರಡೂವರೆ? ಹಾಗಂದುಕೊಂಡೆ, ಆದರೆ ಕೈ ಅನ್ನಕ್ಕೆ ಹೋಗಲಿಲ್ಲ. ತಟ್ಟೆಗೆ ತಟ್ಟೆ ಮುಚ್ಚಿಟ್ಟು ಗಡಿಯಾರ ನೋಡುತ್ತ ಕೂತೆ. ಎರಡೂವರೆಗೆ ಫೋನ್ ಬಂತು.

"ಕಂಡ್ತು ಅಕ್ಕಾ."

"ನಂಗೆ ಎಂತಕ್ಕೆ ಹೇಳ್ತೀ ಮಾದೇವಿ? ನಾ ಈಗ ಅಲ್ಲಿ ಇಲ್ವಲ್ಲ. ಪ್ರಜ್ಞಾಗೆ ಹೇಳು."

"ಅವಳಿಗೆ ಆಗ್ಲೇ ಹೇಳಿ ಆತು. ಇದು ನಿಮ್ಮ ಊಟಕ್ಕೆ. ಉಣ್ಣಿ ಈಗ."

ಸಾರು ಆರಿತ್ತು. ಬಿಸಿ ಮಾಡಲು ಕೂಡ ಏಳದೆ ಹೊಟ್ಟೆ ತುಂಬ ಉಂಡೆ.